ಗಣಕದ ಆಚೆ, ಗಣಕದ ಈಚೆ

(ಶತಮಾನೋತ್ಸವ ಸಮಾರಂಭದಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಕಾಗುಣಿತ ಕಲಿತ ನಾನು ಮುಂದೆ ಗಣಕಯಂತ್ರಕ್ಕೆ ಪ್ರೋಗ್ರಾಮ್ ಬರೆಯುವ ಉದ್ಯೋಗ ಹಿಡಿದೆ. ಕೆಲವು ಕಾಲ ವಯನಾಡಿನಲ್ಲಿದ್ದೆ. ಅಲ್ಲಿ ಕಲಿತ ಪಾಠವೊಂದನ್ನು ಇಂದು ತಮ್ಮ ಮುಂದೆ ಒಪ್ಪಿಸಲು ನಿಂತಿದ್ದೇನೆ.

ನಾನು ಸಿದ್ಧಪಡಿಸಿದ ಅರ್ಜಿ ನಮೂನೆಯೊಂದರಲ್ಲಿ ಹೆಸರಿಗೂ ಉಪನಾಮಕ್ಕೂ ಬೇರೆ ಬೇರೆ ಕಲಮುಗಳಿದ್ದವು. ಎರಡನ್ನೂ ತುಂಬದೆ ಅರ್ಜಿ ಮುಂದೆ ಸಾಗದಂತೆ ನಿಯಮ ಬರೆದಿದ್ದೆ. ಅದು ಹೇಗೆ ನಡೆಯುತ್ತಿದೆಯೆಂದು ನೋಡಲು ಮಾನಂತವಾಡಿಯ ಬಳಿಯ ಸೇವಾಕೇಂದ್ರವೊಂದಕ್ಕೆ ಹೋದಾಗ, ಆದಿವಾಸಿ ಸಮುದಾಯದ ಹಿರಿಯ ತಾಯಿಯೊಬ್ಬರು ಸರದಿಯಲ್ಲಿದ್ದರು. ಅವರಿಗಿದ್ದುದು ಎರಡಕ್ಷರದ ಒಂದೇ ಹೆಸರು. ಎರಡನೆಯ ಕಲಮು ಖಾಲಿ ಬಿಟ್ಟರೆ ‘ಹೆಸರು ಅಪೂರ್ಣ’ ಎಂಬ ಕೆಂಪಕ್ಷರ ಮೂಡುತ್ತಿತ್ತು. ಕೇಂದ್ರದ ಯುವಕ ಬೇರೆ ದಾರಿಯಿಲ್ಲದೆ ಅದೇ ಹೆಸರನ್ನು ಎರಡು ಸಲ ಬರೆದಿದ್ದ. ಪಡಿತರ ಚೀಟಿಯ ಹೆಸರಿನೊಂದಿಗೆ ಹೊಂದದ ಕಾರಣ ಅರ್ಜಿ ಹಿಂದಿರುಗಿತ್ತು. ಒಂದು ದಿನದ ಕೂಲಿ ಬಿಟ್ಟು ಮರಳಿ ಬಂದಿದ್ದ ಆ ತಾಯಿ, ತನ್ನಿಂದೇನು ತಪ್ಪಾಯಿತೆಂದು ಕೇಳುತ್ತಿದ್ದರು.

ತಪ್ಪು ಅವರದಾಗಿರಲಿಲ್ಲ, ನನ್ನದಾಗಿತ್ತು. ಎಲ್ಲರಿಗೂ ಉಪನಾಮವಿರುತ್ತದೆಂದು ನಾನು ಯಾರನ್ನೂ ಕೇಳದೆ ನಂಬಿದ್ದೆ. ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಹೊತ್ತು ಈ ಶಾಲೆಯ ಹಾಜರಿ ಪುಸ್ತಕದಲ್ಲಿದ್ದವನು ನಾನೇ ಅದನ್ನು ಮರೆತಿದ್ದೆ!

ಇನ್ನೊಂದು ನಿದರ್ಶನ. ‘ಸ್ತ್ರೀ’ ಒಂದು ಅಕ್ಷರವೆಂದು ನಮ್ಮ ಗುರುಗಳು ಕಲಿಸಿದರು. ಯೂನಿಕೋಡಿನ ಲೆಕ್ಕದಲ್ಲಿ ಅದು ಆರು ಸಂಕೇತಗಳು: ಮೂರು ವ್ಯಂಜನ, ಎರಡು ವಿರಾಮ ಚಿಹ್ನೆ, ಒಂದು ಸ್ವರಚಿಹ್ನೆ. ‘ಹತ್ತು ಅಕ್ಷರ ಮೀರಬಾರದು’ ಎಂದು ಪ್ರೋಗ್ರಾಮಿನಲ್ಲಿ ಬರೆದವನು ಸಂಕೇತಗಳನ್ನೆಣಿಸುತ್ತಾನೆ, ಬಳಸುವವರು ಅಕ್ಷರಗಳನ್ನೆಣಿಸುತ್ತಾರೆ. ಎರಡು ಲೆಕ್ಕವೂ ಸರಿಯೇ. ಆದರೆ ಕಲಮು ಅರ್ಧಕ್ಕೇ ತುಂಬಿದಾಗ ಅಳುಕುವವರು ಮಾತ್ರ ಬಳಸುವವರೇ.

ಈ ಅಂತರವನ್ನು ದಾಟಬಹುದು. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ವ್ಯಂಜನದ ಮುಂದೆ ಸ್ವರದ ಕೀಲಿಯೊತ್ತಿದರೆ ಕಾಗುಣಿತ ಮೂಡುತ್ತದೆ. ಮಗು ಕಲಿತ ಕ್ರಮಕ್ಕೇ ಅಲ್ಲಿ ಯಂತ್ರವನ್ನು ಬಗ್ಗಿಸಲಾಗಿದೆ. ವಯನಾಡಿನಲ್ಲಿಯೂ 2021ರಲ್ಲಿ ಆರಂಭವಾದ ‘ಎಬಿಸಿಡಿ’ ಶಿಬಿರಗಳು ಬೇರೆ ಬೇರೆ ಇಲಾಖೆಗಳವರನ್ನು ಪಂಚಾಯತು ಮಟ್ಟದಲ್ಲಿ ಒಂದೇ ಸೂರಿನಡಿ ಕೂಡಿಸಿದವು. ಆದಿವಾಸಿಗಳಿಗೆ ಆಧಾರ್, ಪಡಿತರ ಚೀಟಿ, ಜನನ ಪ್ರಮಾಣಪತ್ರಗಳನ್ನು ಒದಗಿಸಿ, ಇದ್ದವುಗಳ ತಪ್ಪು ತಿದ್ದಿ, 64 ಸಾವಿರಕ್ಕೂ ಹೆಚ್ಚು ಮಂದಿಯನ್ನು ತಲುಪಿದವು. ಜನರು ಕಚೇರಿಯಿಂದ ಕಚೇರಿಗೆ ಅಲೆಯುವುದಕ್ಕೆ ಬದಲಾಗಿ ಕಚೇರಿಗಳೇ ಅವರೆದುರು ಬಂದು ಕುಳಿತವು.

ಹೆತ್ತವರಲ್ಲಿ ನನ್ನ ವಿನಂತಿಯಿಷ್ಟೆ: ಪರದೆ ತಮ್ಮನ್ನು ತಪ್ಪೆಂದರೆ ನಾಚಿ ಹಿಂದೆ ಸರಿಯದಿರಿ, ಏಕೆಂದು ಕೇಳಿ. ಗಣಕವಿದ್ಯೆ ಕಲಿಯಹೊರಟ ಕಿರಿಯರಲ್ಲಿ ಇನ್ನೊಂದು: ನಿಯಮ ಬರೆಯುವ ಮುನ್ನ ಸೇವಾಕೇಂದ್ರದ ಸರದಿಯಲ್ಲಿ ಒಂದು ದಿನ ನಿಲ್ಲಿ.

ಆ ಎರಡನೆಯ ಕಲಮಿನ ಕಡ್ಡಾಯವನ್ನು ನಾನು ಮರುದಿನವೇ ತೆಗೆದುಹಾಕಿದೆ. ಅದಕ್ಕೆ ಹಿಡಿದದ್ದು ಐದು ನಿಮಿಷ. ಆ ತಾಯಿಯ ಒಂದು ದಿನದ ಕೂಲಿಯನ್ನು ಮಾತ್ರ ಮರಳಿಸಲಾಗಲಿಲ್ಲ.