ರಕ್ತದ ಕಲೆಯಾದ ಬಟ್ಟೆ: ತೊಳೆಯುವ ಮುನ್ನ ಒಮ್ಮೆ ತೋರಿಸಿ
(ರೋಗಿಗಳ ಸಂಬಂಧಿಕರಿಗಾಗಿ ವಾರ್ಡಿನಲ್ಲಿ ನೀಡಿದ ಮಾಹಿತಿ ಭಾಷಣ)

ರೋಗಿಗಳ ಜೊತೆಗೆ ಬಂದಿರುವ ತಾಯಂದಿರೇ, ಅಣ್ಣತಮ್ಮಂದಿರೇ,

ರಕ್ತದ ಕಲೆ ತೆಗೆಯುವುದು ಹೇಗೆಂದು ಅನೇಕರು ಕೇಳುತ್ತೀರಿ. ಅದಕ್ಕೂ ಮೊದಲು ಒಂದು ಮಾತು. ಹೆರಿಗೆಯಾದವರ ಬಟ್ಟೆಯನ್ನು ನರ್ಸ್ ಬರುವುದರೊಳಗೆ, ನಾಚಿಕೆಯಿಂದ, ಬೆಳಗಿನ ಜಾವವೇ ತೊಳೆದು ಹಾಕುವ ಅತ್ತೆಯರು, ಅಮ್ಮಂದಿರು ಎಲ್ಲ ವಾರ್ಡುಗಳಲ್ಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಕ್ತ ಎಷ್ಟು ಹೋಗಿದೆ ಎಂಬುದು ನಮಗೆ ತಿಳಿಯುವುದೇ ಆ ಬಟ್ಟೆಯಿಂದ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ತೊಯ್ದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಬಾಣಂತಿಗೆ ತಲೆ ತಿರುಗಿ ಮೈ ತಣ್ಣಗೆ ಬೆವರಿದರೆ ತಕ್ಷಣ ಕರೆಯಿರಿ. ರಾತ್ರಿ 2 ಗಂಟೆಯಾಗಿದ್ದರೂ ಸಂಕೋಚ ಬೇಡ, ರಾತ್ರಿ ಪಾಳಿಯವರು ಇರುವುದೇ ಅದಕ್ಕೆ. ಮನೆಗೆ ಹೋದ ಮೇಲೆ, ಕೆಲವು ವಾರ ಕಳೆದ ನಂತರವೂ ಹೀಗಾಗಬಹುದು. ಆಗ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಆಪರೇಷನ್ ಆದವರ ಪಟ್ಟಿ ತೊಯ್ದಿದ್ದರೂ ನೀವೇ ಬಿಚ್ಚದೆ ನಮಗೆ ತಿಳಿಸಿ.

ಇನ್ನು ತೊಳೆಯುವ ವಿಷಯ. ಬಿಸಿನೀರು ಹಾಕಿದರೆ ಕಲೆ ಬೇಗ ಹೋಗುತ್ತದೆಂದು ನಮ್ಮ ಜನ ತಿಳಿದಿದ್ದಾರೆ. ಆಗುವುದು ಅದರ ಉಲ್ಟಾ. ರಕ್ತದಲ್ಲಿ ಪ್ರೋಟೀನ್ ಇದೆ. ಉರಿ ಹೆಚ್ಚಾದಾಗ ಹಾಲು ಪಾತ್ರೆಯ ತಳ ಹಿಡಿಯುವ ಹಾಗೆ, ಬಿಸಿ ತಾಗಿದ ರಕ್ತ ನೂಲಿಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ತಣ್ಣೀರೇ ಬೇಕು, ಅದೂ ಬೇಗ. ಬಟ್ಟೆಯನ್ನು ತಿರುವಿ, ಕಲೆಯ ಹಿಂಬದಿಯಿಂದ ನಲ್ಲಿಯ ನೀರು ಬಿಡಿ. ಹಸಿ ಕಲೆ ಬಹುಪಾಲು ಇಷ್ಟಕ್ಕೇ ಹೋಗುತ್ತದೆ. ಒಣಗಿದ್ದರೆ ಉಪ್ಪು ಹಾಕಿದ ತಣ್ಣೀರಿನಲ್ಲಿ ನೆನೆಹಾಕಿ, ನೀರು ಕೆಂಪಾದಾಗಲೆಲ್ಲ ಬದಲಾಯಿಸಿ. ಆಮೇಲೆ ಬಟ್ಟೆ ಸೋಪು ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಕಲೆ ಹೋಗುವ ತನಕ ಇಸ್ತ್ರಿ ಮಾಡಬೇಡಿ.

ಬಿಳಿ ಹತ್ತಿ ಬಟ್ಟೆಯಲ್ಲಿ ಕಲೆ ಉಳಿದರೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ 3 ಪ್ರತಿಶತದ್ದು ಹಾಕಿ. 6 ಪ್ರತಿಶತದ್ದಾದರೆ ಅಷ್ಟೇ ನೀರು ಬೆರೆಸಿ. ಬುರುಬುರು ನೊರೆ ಬರುತ್ತದೆ, ಹೆದರಬೇಡಿ. 5 ನಿಮಿಷ ಬಿಟ್ಟು ತೊಳೆಯಿರಿ. ಬಣ್ಣದ ಬಟ್ಟೆಯಾದರೆ ಮೊದಲು ಅಂಚಿನ ಒಳಭಾಗದಲ್ಲಿ ಒಂದು ಹನಿ ಹಾಕಿ ನೋಡಿ. ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ ಮಾತ್ರ ಇದೂ ಬೇಡ, ಬ್ಲೀಚಿಂಗ್ ಪುಡಿಯಂತೂ ಬೇಡವೇ ಬೇಡ. ತಣ್ಣೀರು, ಮೆದು ಸೋಪು ಸಾಕು. ಬ್ಲೀಚಿಂಗ್ ಪುಡಿಗೆ ಪಾಯಿಖಾನೆ ತೊಳೆಯುವ ಆಸಿಡ್ ಯಾವತ್ತೂ ಬೆರೆಸಬಾರದು. ಅದರಿಂದ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಬರುತ್ತದೆ.

ಬೇರೆಯವರ ರಕ್ತ ಮುಟ್ಟುವಾಗ, ಮನೆಯವರದ್ದೇ ಆದರೂ, ಕೈಗವಸು ಹಾಕಿ. ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ಹೆಪಟೈಟಿಸ್ ಬಿ ಕಾಮಾಲೆಯ ವೈರಸ್ ಒಣಗಿದ ರಕ್ತದಲ್ಲಿ 7 ದಿನಗಳವರೆಗೂ ಬದುಕಿರಬಲ್ಲದು, ಕೈಯಲ್ಲಿ ಸಣ್ಣ ಗಾಯವಿದ್ದರೆ ಅದಕ್ಕೆ ಅಷ್ಟೇ ಸಾಕು. ಕುಡಿಯುವ ನೀರು ಹಿಡಿಯುವ ನಲ್ಲಿಯ ಹತ್ತಿರ ತೊಳೆಯಬೇಡಿ.

ಮುಟ್ಟಿನ ಬಟ್ಟೆಗೂ ಇದೇ ಕ್ರಮ. ಅದನ್ನು ಸೀರೆಯ ಕೆಳಗೆ, ಕತ್ತಲೆ ಮೂಲೆಯಲ್ಲಿ ಬಚ್ಚಿಟ್ಟರೆ ಸರಿಯಾಗಿ ಒಣಗುವುದಿಲ್ಲ. ಶರಣರು ಸೂತಕವನ್ನೇ ಒಪ್ಪಲಿಲ್ಲ, ಬಿಸಿಲಿಗೆ ಹಾಕಲು ನಾವೇಕೆ ಅಂಜಬೇಕು? ಸೋಪಿನಿಂದ ತೊಳೆದು, ಹಗ್ಗದ ಮೇಲೆ ಬಿಡಿಸಿ ಹಾಕಿ, ಪೂರ್ತಿ ಒಣಗಿದ ಮೇಲೆಯೇ ಮಡಚಿಡಿ.