ಕೂಲಿಯವನು ಚುನಾವಣೆಗೆ ನಿಂತರೆ
(ಪುತ್ತೂರಿನಲ್ಲಿ ತರುಣ ಕಾರ್ಯಕರ್ತರ ಕೂಟದಲ್ಲಿ ಮಾಡಿದ ಭಾಷಣ)

ಕಡಬದ ಕಡೆಯಿಂದ ಬಂದ ತರುಣ ಮಿತ್ರರೊಬ್ಬರು ಸಭೆಗೆ ಮೊದಲು ನಮ್ಮನ್ನು ಕೇಳಿದರು: “ದಿನಗೂಲಿಗೆ ಹೋಗುವವನು ಚುನಾವಣೆಗೆ ನಿಲ್ಲಬಹುದೆ?” ನಿಲ್ಲಬಹುದು. ನಿಂತು ಗೆದ್ದವರು ನಿಮ್ಮ ಕ್ಷೇತ್ರದಲ್ಲಿಯೇ ಇದ್ದಾರೆ. ಆದರೆ ಗೆದ್ದ ಮೇಲೇನು ಎಂಬುದನ್ನೂ ವಿಚಾರಿಸಬೇಕು.

1989ರ ವಿಧಾನಸಭಾ ಚುನಾವಣೆಯನ್ನು ನೆನೆಯೋಣ. ಪುತ್ತೂರಿನಲ್ಲಿ ಭಾರತೀಯ ಜನತಾ ಪಕ್ಷದ ಉಮೇದುವಾರರು ವಕೀಲ ಡಿ. ವಿ. ಸದಾನಂದ ಗೌಡರು. ಪಕ್ಕದ ಸುಳ್ಯ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಕಡಬವೂ ಅದರಲ್ಲಿ ಸೇರಿದೆ. ಅಲ್ಲಿ ಅದೇ ಪಕ್ಷದಿಂದ ನಿಂತವರು ಕೂಲಿ ಮಾಡಿ ಬದುಕಿದ ಎಸ್. ಅಂಗಾರರು. ಇಬ್ಬರೂ ಸೋತರು. ಸೋತರೂ ಕೆಲಸ ಬಿಡಲಿಲ್ಲ. 1994ರಲ್ಲಿ ಇಬ್ಬರೂ ಗೆದ್ದರು. 1999ರಲ್ಲಿ ಮತ್ತೆ ಗೆದ್ದರು. ಅವರ ಪಕ್ಷ ನಮ್ಮದಲ್ಲ. ಆದರೆ ಸೋಲನ್ನು ತಾಳಿಕೊಳ್ಳುವ ಪಾಠ ಎಲ್ಲಿದ್ದರೂ ಪಾಠವೇ.

ಮುಂದೆ ದಾರಿ ಎರಡಾಯಿತು. ಗೌಡರು 2004ರಲ್ಲಿ ಲೋಕಸಭೆಗೆ ಹೋದರು. 2011ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದರು. ಅಂಗಾರರು 2004, 2008, 2013, 2018ರಲ್ಲಿಯೂ ಗೆದ್ದು ಒಟ್ಟು ಆರು ಸಲ ಶಾಸಕರಾದರು. 2008ರಲ್ಲಿ ಅವರ ಪಕ್ಷವೇ ಸರಕಾರ ರಚಿಸಿತು. ಆಗ ಅವರಿಗೆ ಮಂತ್ರಿಪದವಿ ಸಿಗಲಿಲ್ಲ. ಅದು ಸಿಕ್ಕಿದ್ದು 2021ರ ಜನವರಿಯಲ್ಲಿ, ಮೊದಲ ಗೆಲುವಿನಿಂದ 26 ವರ್ಷ ಕಳೆದ ಮೇಲೆ. 2023ರಲ್ಲಿ ಪಕ್ಷ ಅವರನ್ನು ಬಿಟ್ಟು ಭಾಗೀರಥಿ ಮುರುಳ್ಯ ಅವರನ್ನು ನಿಲ್ಲಿಸಿತು, ಅವರೂ ಗೆದ್ದರು.

ಇದಕ್ಕೆ ಜಾತಿಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಗೌಡರಿಗೆ ಸಂಘಟನೆಯ ಅನುಭವವಿತ್ತು, ಪಕ್ಷದ ರಾಜ್ಯಾಧ್ಯಕ್ಷತೆಯನ್ನೂ ಹೊತ್ತಿದ್ದರು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ: ಆರು ಸಲ ಗೆದ್ದವನು ಬಾಗಿಲಲ್ಲಿ ಇಷ್ಟು ಕಾಲ ಕಾಯಬೇಕೆ?

1932ರ ಪೂನಾ ಒಪ್ಪಂದದಿಂದ ಬಂದ ಏರ್ಪಾಡಿನಲ್ಲಿ ಮೀಸಲು ಸ್ಥಾನಕ್ಕೆ ನಿಲ್ಲುವವರು ದಲಿತರು. ಮತ ಕೊಡುವವರು ಎಲ್ಲರೂ. ಅದರಲ್ಲಿ ಒಳ್ಳೆಯದಿದೆ: ತೋಟದ ಧಣಿಯೂ ಕೂಲಿಯ ಮಗನಿಗೆ ಮತ ಹಾಕಬೇಕಾಗುತ್ತದೆ. ಕೆಡುಕೂ ಇದೆ: ಯಾರನ್ನು ನಿಲ್ಲಿಸಬೇಕೆಂಬ ತೀರ್ಮಾನ ಕೂಲಿಯವರ ಕೇರಿಯಲ್ಲಿ ಆಗುವುದಿಲ್ಲ. ಮೀಸಲಾತಿ ಸಭೆಯಲ್ಲಿ ಕುರ್ಚಿ ಕೊಟ್ಟಿತು. ಟಿಕೆಟು ಹಂಚುವ ಕೋಣೆಯಲ್ಲಿ, ಮಂತ್ರಿಗಳ ಪಟ್ಟಿ ಬರೆಯುವ ಮೇಜಿನ ಬಳಿ ಕುರ್ಚಿ ಕೊಡಲಿಲ್ಲ. ಅದನ್ನು ಕಾನೂನು ಕೊಡಲಾರದು, ಸಂಘಟನೆ ಕೊಡಬೇಕು.

ಆದುದರಿಂದ, ಕಡಬದ ಮಿತ್ರರೇ, ನೀವು ನಿಲ್ಲಿರಿ. ನಿಲ್ಲುವ ಮುಂಚೆ ನಿಮ್ಮೂರಿನ ಅಡಿಕೆ ತೋಟದ ಆಳುಗಳನ್ನು, ರಬ್ಬರ್ ಹಾಲು ತೆಗೆಯುವವರನ್ನು, ಬೀಡಿ ಕಟ್ಟುವ ಹೆಂಗಸರನ್ನು ಒಂದೆಡೆ ಕೂಡಿಸಿರಿ. ಉಮೇದುವಾರ ಯಾರೆಂದು ಅವರೇ ಹೇಳಲಿ. ಉಳಿದ ನಮಗೂ ಒಂದು ಕೆಲಸವಿದೆ. ಮೀಸಲಲ್ಲದ ಪುತ್ತೂರಿನಲ್ಲಿಯೂ ಅಂಥವರನ್ನು ನಿಲ್ಲಿಸುವ ಧೈರ್ಯ ನಮಗಿದೆಯೆ? ಮನೆಗೆ ಹೋಗುವ ಮುಂಚೆ ಇದಕ್ಕೆ ಉತ್ತರ ಕೊಡೋಣ.