ಬಟ್ಟೆಯ ಮೇಲಿನ ಉಂಡೆಗಳಿಗೆ ಯಾರು ಹೊಣೆ?



ಎಂಟೆಕ್ ಮಾಡಿ ಐಟಿಯಲ್ಲಿ ಇರುವವಳು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾಳೆ ಎಂದುಕೊಂಡಿರಬಹುದು. ಇಂದು ನನ್ನ ವಿಷಯ ನಮ್ಮೆಲ್ಲರ ಕಪಾಟಿನಲ್ಲೇ ಇದೆ. ನಾಲ್ಕು ಸಲ ಹಾಕುವಷ್ಟರಲ್ಲಿ ಕುರ್ತಿ, ಲೆಗಿಂಗ್ಸ್, ಮಕ್ಕಳ ಸ್ವೆಟರ್ ಮೇಲೆ ಏಳುವ ಸಣ್ಣ ಸಣ್ಣ ನೂಲಿನ ಉಂಡೆಗಳು. ಜವಳಿಯವರು ಇದನ್ನು ಪಿಲ್ಲಿಂಗ್ ಎನ್ನುತ್ತಾರೆ.

ಉಂಡೆ ಕಂಡ ಕೂಡಲೇ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಬೈಗುಳ ಬೀಳುವುದು ಒಗೆದವರಿಗೆ. ಕೆಲಸಕ್ಕೆ ಬರುವ ಮಾವಶಿಗೆ, ಇಲ್ಲವೇ ಮನೆಯ ಸೊಸೆಗೆ. ಅಂಗಡಿಗೆ ಹೋದರೆ ಅಲ್ಲಿಯೂ ಅದೇ ಉತ್ತರ: "ನೀವು ಸರಿಯಾಗಿ ಒಗೆದಿಲ್ಲ ಮೇಡಂ." ನಮ್ಮ ಕಚೇರಿಯಲ್ಲಿ ಏನಾದರೂ ಕೆಟ್ಟರೆ, ಕೊನೆಗೆ ಮುಟ್ಟಿದವರು ಯಾರು ಎಂದು ನೋಡಿ ಸುಮ್ಮನಾಗುವುದಿಲ್ಲ, ದೋಷ ಹುಟ್ಟಿದ್ದು ಎಲ್ಲಿ ಎಂದು ಹುಡುಕುತ್ತೇವೆ. ಬಟ್ಟೆಯ ವಿಷಯದಲ್ಲೂ ಹಾಗೇ ಹುಡುಕೋಣ.

ಹತ್ತಿಯಂಥ ನೂಲು ಒಂದೇ ಉದ್ದದ ಎಳೆಯಲ್ಲ. ಎರಡು ಮೂರು ಸೆಂಟಿಮೀಟರಿನ ಸಾವಿರಾರು ಎಳೆಗಳನ್ನು ಹುರಿ ಹಾಕಿ ಹಿಡಿದಿಟ್ಟಿರುತ್ತಾರೆ. ಎಳೆ ಗಿಡ್ಡವಾಗಿದ್ದರೆ, ಹುರಿ ಸಡಿಲವಾಗಿದ್ದರೆ ತುದಿಗಳು ಹೊರಗೆ ಬರುತ್ತವೆ. ಉಜ್ಜಾಟ ಆದಲ್ಲೆಲ್ಲ ಜುಂಗು ಏಳುತ್ತದೆ, ಜುಂಗು ಸುತ್ತಿಕೊಂಡು ಉಂಡೆಯಾಗುತ್ತದೆ. ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ತಾಗುವ ಭುಜ, ಕಂಕುಳು, ತೊಡೆಯ ಒಳಬದಿ, ಇಲ್ಲೇ ಮೊದಲು ಕಾಣುವುದು ಅದಕ್ಕೇ.

ಹತ್ತಿಯ ಎಳೆ ಅಷ್ಟು ಗಟ್ಟಿಯಲ್ಲ. ಉಂಡೆಯನ್ನು ಹಿಡಿದ ಎಳೆ ಕಡಿದು, ಎಷ್ಟೋ ಉಂಡೆಗಳು ತಾವೇ ಉದುರುತ್ತವೆ. ಪಾಲಿಯೆಸ್ಟರ್ ಎಳೆ ಕಡಿಯುವುದಿಲ್ಲ. ಹಾಗಾಗಿ ಹತ್ತಿ–ಪಾಲಿಯೆಸ್ಟರ್ ಮಿಶ್ರ ಬಟ್ಟೆಯಲ್ಲಿ ಹತ್ತಿಯ ಜುಂಗನ್ನೂ ಸೇರಿಸಿಕೊಂಡು ಉಂಡೆ ಅಂಟಿಕೊಂಡೇ ಇರುತ್ತದೆ. ಹಾಗೆಂದು ಪಾಲಿಯೆಸ್ಟರನ್ನೇ ದೂರಬೇಡಿ. ಅದೇ ಪಾಲಿಯೆಸ್ಟರಿನ ಜಾರ್ಜೆಟ್ ಸೀರೆಯಲ್ಲಿ ಉಂಡೆ ಏಳುವುದು ಅಪರೂಪ. ಅಲ್ಲಿ ನೂಲು ಕತ್ತರಿಸದ ಉದ್ದನೆಯ ಎಳೆಗಳದ್ದು, ಹೊರಗೆ ಬರಲು ತುದಿಗಳೇ ಕಡಿಮೆ. ನಮ್ಮ ಮೈಸೂರು ರೇಷ್ಮೆಯ ಗುಟ್ಟೂ ಇದೇ: ಒಂದೊಂದು ಗೂಡಿನಿಂದ ನೂರಾರು ಮೀಟರ್ ಉದ್ದದ ಎಳೆ ಬಿಚ್ಚಿಕೊಳ್ಳುತ್ತದೆ. ಹತ್ತಿಯಲ್ಲೂ ಧಾರವಾಡದಲ್ಲಿ ಬೆಳೆಸಿದ ಡಿಸಿಎಚ್-32ರಂಥ ಉದ್ದ ಎಳೆಯ ತಳಿಗೆ ಬೆಲೆ ಇರುವುದು ಸುಮ್ಮನೆ ಅಲ್ಲ.

ಈಗ ಮುಖ್ಯ ಮಾತು. ಪ್ರಯೋಗಾಲಯದಲ್ಲಿ ಪಿಲ್ಲಿಂಗ್ ಅಳೆಯುವ ಒಂದು ವಿಧಾನದಲ್ಲಿ, ಬಟ್ಟೆಯ ತುಂಡುಗಳನ್ನು ಕೊಳವೆಗಳಿಗೆ ಸುತ್ತಿ, ಒಳಗೆ ಕಾರ್ಕ್ ಹಾಸಿದ ಪೆಟ್ಟಿಗೆಯಲ್ಲಿ ಸಾವಿರಾರು ಸುತ್ತು ತಿರುಗಿಸುತ್ತಾರೆ. ನಂತರ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. 5 ಎಂದರೆ ಉಂಡೆಯೇ ಇಲ್ಲ, 1 ಎಂದರೆ ತುಂಬಾ ಕೆಟ್ಟದ್ದು. ಪೆಟ್ಟಿಗೆ ತಿರುಗುವಾಗ ಅದರಲ್ಲಿ ನೀರೂ ಇಲ್ಲ, ಸೋಪೂ ಇಲ್ಲ, ಒಗೆಯುವ ಕೈಯೂ ಇಲ್ಲ. ಅಂದರೆ ಉಂಡೆ ಏಳುವ ಗುಣ ಬಹುಮಟ್ಟಿಗೆ ಗಿರಣಿಯಲ್ಲೇ ತೀರ್ಮಾನವಾಗಿರುತ್ತದೆ. ಒಗೆತ ಅದನ್ನು ಬೇಗ ಹೊರಗೆ ತರಬಹುದು, ಅಷ್ಟೇ.

ಹಾಗಾದರೆ ನಾವೇನು ಮಾಡಬಹುದು?

ಕೊಳ್ಳುವಾಗ ಬಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆಳಕಿಗೆ ಅಡ್ಡಲಾಗಿ ನೋಡಿ. ಹೊಸದರಲ್ಲೇ ಜುಂಗು ಎದ್ದಿದ್ದರೆ ಬಿಟ್ಟುಬಿಡಿ. ಮುಟ್ಟಿದರೆ ಬೆಣ್ಣೆಯಂತಿದೆ ಎಂದು ಮರುಳಾಗಬೇಡಿ. ಎಷ್ಟೋ ಸಲ ಆ ಮೆದುವು ಸಡಿಲ ಹುರಿಯಿಂದ ಬಂದದ್ದು. ಚೀಟಿಯಲ್ಲಿ ಕೋಂಬ್ಡ್ ಕಾಟನ್ ಎಂದಿದ್ದರೆ ಗಿಡ್ಡ ಎಳೆಗಳನ್ನು ಬಾಚಿ ತೆಗೆದಿದ್ದಾರೆ ಎಂದರ್ಥ.

ಒಗೆಯುವಾಗ ಒಳಮೈ ಹೊರಗೆ ಮಾಡಿ. ಜೀನ್ಸ್, ಟವೆಲ್ ಜೊತೆ ಹಾಕಬೇಡಿ. ಬ್ರಷ್ ಬೇಡ, ಮಷೀನಿನಲ್ಲಿ ಜೆಂಟಲ್ ಸೈಕಲ್ ಸಾಕು. ಎದ್ದ ಉಂಡೆಯನ್ನು ಕೈಯಿಂದ ಕೀಳಬೇಡಿ. ಕಿತ್ತರೆ ಇನ್ನಷ್ಟು ಎಳೆ ಹೊರಬರುತ್ತದೆ. ಬಟ್ಟೆಯನ್ನು ಸಮತಟ್ಟಾಗಿ ಹರಡಿ ಲಿಂಟ್ ರಿಮೂವರಿನಿಂದ ಮೆಲ್ಲಗೆ ಕತ್ತರಿಸಿ.

ಒಂದೆರಡು ಸಲ ಹಾಕುವಷ್ಟರಲ್ಲೇ ಹಾಳಾದರೆ ಬಿಲ್ಲು ಮತ್ತು ಫೋಟೋ ಇಟ್ಟುಕೊಂಡು ಅಂಗಡಿಯವರನ್ನು ಕೇಳಿ. ಅವರು ಕೇಳಿಸಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆದರೆ ದಯವಿಟ್ಟು ಮಾವಶಿಯ ಪಗಾರದಲ್ಲಿ ಕುರ್ತಿಯ ಬೆಲೆ ಮುರಿದುಕೊಳ್ಳಬೇಡಿ. ನಮಗೆ ಅದು ಒಂದು ಕುರ್ತಿ, ಅವರಿಗೆ ಹಲವು ದಿನಗಳ ದುಡಿಮೆ. ಅವರ ಕೈಗೆ ಬರುವ ಮೊದಲೇ ಆ ಬಟ್ಟೆಯ ಹಣೆಬರಹ ಬರೆದಾಗಿತ್ತು.